ದೊರೆಯ ಮನೆತನ ವಿಚಾರಿಸಿದ್ದು

ನಮ್ಮ ಬೀದಿಯ ಉಜ್ಜಿನಪ್ಪನವರು ಮನೆ ಬಾಡಿಗೆಗೆ ಕೊಡುವುದನ್ನು ನೋಡಿದವರಿಗೆ ಹೆಣ್ಣು ಕೊಡುವುದೇ ಸುಲಭ ಅನ್ನಿಸುತ್ತದೆ. ಆಂಧ್ರದ ಗಡಿಯೊಳಗಿರುವ ನಮ್ಮ ರಾಯದುರ್ಗದ ಹಳೇ ಕಿರಾಣಿ ಮನೆತನ, ಹಣೆ ತುಂಬ ವಿಭೂತಿ, ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಊರಲ್ಲಿ ಯಾರ ಮನೆಗೆ ಸಂಬಂಧ ಬಂದರೂ ಮೊದಲು ಇವರ ಅಂಗಡಿಗೆ ಬಂದು, 'ಮನೆತನ ಒಂದೀಟು ವಿಚಾರಿಸ್ರಿ' ಎನ್ನುತ್ತಾರೆ. ಇವರು ಬಳ್ಳಾರಿಗೋ ಬೊಮ್ಮನಹಾಳಿಗೋ ಹೋಗಿ, ಗಂಡಿನ ಮನೆಯ ಹೊಸ್ತಿಲು ತುಳಿಯದೆ, ಅದೇ ಬೀದಿಯ ಹೋಟೆಲಿನಲ್ಲಿ ಚಹಾ ಕುಡಿದು, ಮಳೆ ಬೆಳೆ ಮಾತಾಡಿ ವಾಪಸ್ ಬಂದು 'ಮಾಡ್ರಿ' ಅಥವಾ 'ಬ್ಯಾಡ್ರಿ' ಎನ್ನುತ್ತಾರೆ. ಕಾರಣ ಹೇಳುವ ರೂಢಿಯಿಲ್ಲ. ನನ್ನ ಬಗ್ಗೆ ವಿಚಾರಿಸಿ 'ಮಾಡ್ರಿ' ಎಂದವರೂ ಇವರೇ. ನನ್ನ ಹೆಂಡತಿ ಉಷಾರಾಣಿ ಅದನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಇಂಥವರ ಹಿತ್ತಲ ಮನೆ ಖಾಲಿಯಾದಾಗ ಅದನ್ನು ಕೇಳಲು ಬಂದವನು ದೊಡ್ಡರಂಗಪ್ಪ. ಮಡಕಶಿರಾ ಕಡೆಯವನು, ಅಗಳಿಗೆ ಈಚೆಯ ಒಂದು ಹಳ್ಳಿ. ಹೆಸರಿನಲ್ಲಿ ಮಾತ್ರ ದೊಡ್ಡ, ಆಳು ಕಡ್ಡಿ. ಅಲ್ಲಿ ಹೆಂಡತಿಯ ಊರಲ್ಲೇ ಮನೆ ಅಳಿಯನಾಗಿದ್ದು ರೇಷ್ಮೆ ಹುಳು ಸಾಕುತ್ತಿದ್ದ. ಹೆಂಡತಿ ಕದಿರಮ್ಮ ಕಾಯಿಲೆಯಾಗಿ ತೀರಿಕೊಂಡ ಮೇಲೆ ಆ ಊರಲ್ಲಿ ನಿಲ್ಲಲಾರದೆ ಬಂದು, ನಮ್ಮ ಊರಿನ ಜೀನ್ಸ್ ಹೊಲಿಯುವ ಗೋಡೌನಿನಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದ್ದ. ಅಲ್ಲೇ ಮಲಗುತ್ತಿದ್ದ. ಈಗ ಗೋಡೌನು ಕೈ ಬದಲಾಗಿ ಮಲಗಲು ಜಾಗವಿರಲಿಲ್ಲ. ನಾನು ಆ ಹೊತ್ತಿಗೆ ಅಲ್ಲಿದ್ದದ್ದು ಉದ್ದಿನಬೇಳೆ ಕೊಳ್ಳಲು. ನನಗೂ ಆ ಮನೆಗೂ ಸಂಬಂಧವಿಲ್ಲದಿದ್ದರೂ, ಹೈಸ್ಕೂಲು ಮೇಷ್ಟ್ರಾದ್ದರಿಂದ ಯಾರು ಮಾತಾಡುತ್ತಿದ್ದರೂ ಅಲ್ಲಿ ನಿಂತು ಕೇಳುವುದು ನನ್ನ ಹಕ್ಕು ಎಂದುಕೊಂಡಿದ್ದೇನೆ.

ಪ್ರಶ್ನೆಗಳೆಲ್ಲ ಮುಗಿದು, ಬೀಗದ ಕೈ ಇನ್ನೇನು ಉಜ್ಜಿನಪ್ಪನವರ ಜೇಬಿನಿಂದ ಹೊರಬರಬೇಕು, ಆಗ ರಂಗಪ್ಪನ ಹಿಂದಿನಿಂದ ಒಂದು ಮೂತಿ ಇಣುಕಿತು.

"ಇದ್ಯಾರದು?" ಎಂದರು ಉಜ್ಜಿನಪ್ಪನವರು.

"ನಂದೇ ಯಜಮಾನ್ರೇ. ದೊರೆ ಅಂತ."

"ಬೀದಿನಾಯಿ ಕಂಪೌಂಡಿನೊಳಗ ಬಿಡಂಗಿಲ್ಲಪ. ಒಂದು ಬಂದ್ರ ಅದರ ಬೀಗರೆಲ್ಲ ಬರ್ತಾವು. ನಮ್ಮ ಮನಿಯಾಕಿ ಒಪ್ಪಂಗಿಲ್ಲ. ಜಾತಿ ನಾಯಿ ಆದ್ರ ಮಾತು ಬ್ಯಾರೆ."

"ಜಾತಿ ನಾಯೀನೇ. ಮುಧೋಳದ್ದು," ಎಂದ ರಂಗಪ್ಪ, ಒಂದು ಕ್ಷಣವೂ ತಡವರಿಸದೆ.

ನಾವಿಬ್ಬರೂ ದೊರೆಯನ್ನು ನೋಡಿದೆವು. ಮುಧೋಳದ ಬೇಟೆನಾಯಿಯ ಚಿತ್ರವನ್ನು ನಾನೂ ಪೇಪರಿನಲ್ಲಿ ಕಂಡವನೇ. ಬಿಲ್ಲಿನಂಥ ಮೈ, ಸಣ್ಣ ಸೊಂಟ, ಉದ್ದ ಕಾಲು. ದೊರೆಗೆ ಕಾಲು ಉದ್ದವಿತ್ತು, ಅದು ನಿಜ. ಮಿಕ್ಕಂತೆ ಒಂದು ಕಿವಿ ನಿಂತಿತ್ತು, ಇನ್ನೊಂದು ರಜೆಯಲ್ಲಿತ್ತು. ಬಾಲ ಬೆನ್ನ ಮೇಲೆ ಚಕ್ಕುಲಿಯಾಗಿ ಸುತ್ತಿಕೊಂಡಿತ್ತು. ಮೈ ಬಣ್ಣ ಬೆಲ್ಲದ ಪಾಕ ಸೀದಾಗ ಆಗುತ್ತದಲ್ಲ, ಅದು.

"ಮುಧೋಳದ್ದ?" ಎಂದು ಉಜ್ಜಿನಪ್ಪನವರು ನಿಧಾನವಾಗಿ ಕೇಳಿದರು.

"ನಮ್ಮ ಕದಿರಿ ಹೇಳವ್ಳೆ. ಹಟ್ಟಿ ಕುರಿಯೋರು ಕೊಟ್ಟಿದ್ದು ಅಂತ. ಅವ್ಳು ಸುಳ್ಳಾಡಿದ್ದು ನಾನು ನೋಡಿಲ್ಲ."

ಆಗಲೇ ನನಗೆ ಅರ್ಥವಾಗಬೇಕಿತ್ತು. ಈ ಮನುಷ್ಯನಿಗೆ ಬೇಕಾಗಿದ್ದದ್ದು ಮನೆ ಮತ್ತು ನಾಯಿ ಎರಡೇ ಅಲ್ಲ. ಹೆಂಡತಿಯ ಮಾತು ನಿಲ್ಲಬೇಕಿತ್ತು. ಸತ್ತವರ ಮಾತನ್ನು ಸುಳ್ಳೆಂದು ಬಿಟ್ಟುಕೊಡುವುದಕ್ಕಿಂತ ಅವನು ಬಸ್‌ಸ್ಟ್ಯಾಂಡಿನಲ್ಲಿ ಮಲಗಲು ತಯಾರಿದ್ದ. ನನಗೆ ಅರ್ಥವಾದದ್ದು ಮಾತ್ರ ಉದ್ದಿನಬೇಳೆ ಮನೆಗೆ ತಡವಾಯಿತು ಎಂಬುದು.

"ಹಂಗಾದ್ರ ಅಮಾವಾಸಿ ಒಳಗ ತೋರಿಸಪ," ಎಂದರು ಉಜ್ಜಿನಪ್ಪನವರು, ಬೀಗದ ಕೈ ಕೊಡುತ್ತಾ. "ಮುಧೋಳದ್ದಂತ ಖಾತ್ರಿ ಆದ್ರ ಇರ್ಲಿ. ಇಲ್ಲಾಂದ್ರ ಅದನ್ನ ಊರಿಗೆ ಬಿಟ್ಟು ಬರಬೇಕು."

ಹೀಗೆ ದೊರೆ ಹಿತ್ತಲ ಮನೆಗೆ ಬಂತು. ಆ ಕಂಪೌಂಡಿನ ಶಿಸ್ತಿಗೆ ತಕ್ಕಂತೆ ಮೊಸರನ್ನಕ್ಕೂ ಒಗ್ಗಿಕೊಂಡಿತು. ಆದರೆ ಉಜ್ಜಿನಪ್ಪನವರ ಹೆಂಡತಿ ಮೈಲಾರಮ್ಮನವರು ಅದರ ಬಾಲ ಕಂಡಾಗಲೆಲ್ಲ ತುಳಸಿಕಟ್ಟೆಯನ್ನು ಇನ್ನೊಂದು ಸಲ ತೊಳೆಯುತ್ತಿದ್ದರು.

ಖಾತ್ರಿ ಮಾಡಿಸುವ ಕೆಲಸವನ್ನು ನಾನಾಗಿ ಮೈಮೇಲೆ ಹಾಕಿಕೊಂಡೆ. ಬಳ್ಳಾರಿಯ ಒಂದು ಪತ್ರಿಕೆಗೆ ಆಗಾಗ ಹಾಸ್ಯ ಬರೆಯುವವನು ನಾನು. ಬೇರೆಯವರ ಕಷ್ಟದಲ್ಲಿ ನನಗೊಂದು ಲೇಖನ ಕಾಣಿಸುತ್ತದೆ, ಅದಕ್ಕೆ ಸಹಾಯ ಎಂದು ಹೆಸರಿಟ್ಟುಕೊಳ್ಳುತ್ತೇನೆ. ಮೊದಲು ಫೋನಿನಲ್ಲಿ ನಾಯಿಯ ತಳಿ ಹೇಳುವ ಆ್ಯಪ್ ಹಾಕಿಸಿಕೊಂಡೆ. ದೊರೆಯ ಫೋಟೋ ಎಡದಿಂದ ತೆಗೆದರೆ ಜರ್ಮನಿಯ ನಾಯಿ ಎಂದಿತು, ಬಲದಿಂದ ತೆಗೆದರೆ ಜಪಾನಿನದು ಎಂದಿತು. ಎದುರಿನಿಂದ ತೆಗೆದಾಗ 'ದಯವಿಟ್ಟು ನಾಯಿಯ ಚಿತ್ರ ಹಾಕಿ' ಎಂದು ಬಂತು. ಉಜ್ಜಿನಪ್ಪನವರು ಕನ್ನಡಕ ಏರಿಸಿ ನೋಡಿ, "ಮೇಷ್ಟ್ರೇ, ಇದಕ್ಕ ತನ್ನ ಊರೇ ಗೊತ್ತಿಲ್ಲ, ನಾಯಿ ಊರು ಏನ್ ಹೇಳ್ತದ?" ಎಂದರು.

ಆಮೇಲೆ ದನದ ಆಸ್ಪತ್ರೆ. ಡಾಕ್ಟರು ಒಳ್ಳೆಯವರು, ಕರ್ನೂಲು ಕಡೆಯವರು. ದೊರೆಯ ಹಲ್ಲು ನೋಡಿ, ಕಿವಿ ಮಡಚಿ, ಬಾಲ ಬಿಡಿಸಿದರು. ಕೈ ಬಿಟ್ಟ ತಕ್ಷಣ ಅದು ಮತ್ತೆ ಸುತ್ತಿಕೊಂಡಿತು. "ಮಿಕ್ಸಡ್ ಸಾರ್. ಮಂಚಿ ಕುಕ್ಕ," ಎಂದರು. ಒಳ್ಳೆಯ ನಾಯಿ ಎಂದು ಅವರು ಹೇಳಿದ್ದನ್ನು ಹಿಡಿದುಕೊಂಡು ರಂಗಪ್ಪ ಸಂತೋಷಪಟ್ಟ. ಮೊದಲ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲ.

ನಾನು ಹಾಗೇ ಯೋಚಿಸುತ್ತಿದ್ದೆ. ಬಳ್ಳಾರಿಗೆ ಹೋದರೆ ನನ್ನ ಕನ್ನಡದಲ್ಲಿ ತೆಲುಗು ವಾಸನೆ ಎನ್ನುತ್ತಾರೆ. ಅನಂತಪುರಕ್ಕೆ ಹೋದರೆ ನನ್ನ ತೆಲುಗು ಕೇಳಿ 'ಮೀದಿ ಕರ್ನಾಟಕನಾ', ನಿಮ್ಮದು ಕರ್ನಾಟಕವಾ, ಎನ್ನುತ್ತಾರೆ. ಅಮಾವಾಸ್ಯೆಯೊಳಗೆ ನನ್ನ ತಳಿ ತೋರಿಸು ಎಂದಿದ್ದರೆ ನಾನೂ ಬೀದಿಯಲ್ಲೇ ಇರುತ್ತಿದ್ದೆ.

ಕೊನೆಗೆ ದಾರಿ ತೋರಿಸಿದವರು ಉಜ್ಜಿನಪ್ಪನವರೇ. ಒಂದು ಸಂಜೆ ಅಂಗಡಿ ಬಾಗಿಲು ಎಳೆಯುತ್ತಾ, "ಫೋನು, ಡಾಕ್ಟರು ಎಲ್ಲ ಬಿಡ್ರಿ. ಮನೆತನ ಗೊತ್ತಾಗಬೇಕಂದ್ರ ಹುಟ್ಟಿದ ಊರಿಗೆ ಹೋಗಿ ವಿಚಾರಿಸಬೇಕು. ಗಂಡಾಗ್ಲಿ ಹೆಣ್ಣಾಗ್ಲಿ ನಾಯಿ ಆಗ್ಲಿ, ಪದ್ಧತಿ ಒಂದ. ಐತವಾರ ಹೋಗಾನು," ಎಂದರು. ಅವರು ತಮಾಷೆ ಮಾಡುವವರಲ್ಲ. ರಂಗಪ್ಪನ ಮುಖ ಅರಳಿತು, ಮರುಕ್ಷಣ ಬಾಡಿತು. ಕದಿರಮ್ಮನ ತಿಥಿ ಮುಗಿಸಿ ಹೊರಟವನು ಆ ಊರಿಗೆ ಮತ್ತೆ ಕಾಲಿಟ್ಟಿರಲಿಲ್ಲ.

"ನಾನೂ ಬರ್ಬೇಕಾ ಯಜಮಾನ್ರೇ?"

"ಮನಿ ತೋರಿಸೋರು ಬ್ಯಾಡೇನು?"

ಭಾನುವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಹೊರಟೆವು. ಅದರ ಬಾಗಿಲು ಒಂದು ಕಂಪನಿಯದು, ಬಂಪರು ಇನ್ನೊಂದರದು, ಹಾರನ್ನು ಲಾರಿಯದು. ದೊರೆ ಅದರಲ್ಲಿ ಹತ್ತಿದೊಡನೆ ಸ್ವಂತ ಮನೆಗೆ ಬಂದಂತೆ ಮಲಗಿಬಿಟ್ಟಿತು. ಗೇಟಿನ ಬಳಿ ಉಜ್ಜಿನಪ್ಪನವರು ಥಟ್ಟನೆ ನಿಲ್ಲಿಸಿದರು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡಬಾರದು. ನಾಲ್ಕನೆಯವರಾಗಿ ಮೈಲಾರಮ್ಮನವರನ್ನು ಕರೆದರೆ ಅವರು ಅಡುಗೆಮನೆಯಿಂದಲೇ, "ನಾಯಿ ಬೀಗರ ಮನಿಗೆ ನಾ ಬರಂಗಿಲ್ಲ," ಎಂದರು. ಉಜ್ಜಿನಪ್ಪನವರು ಸ್ವಲ್ಪ ಯೋಚಿಸಿ ಹಿಂದಿನ ಸೀಟು ನೋಡಿ, "ಅದನ್ನೂ ಸೇರಿಸಿದ್ರ ನಾಕು ಆತು. ನಡೀರಿ," ಎಂದರು. ಯಾರ ಯೋಗ್ಯತೆ ವಿಚಾರಿಸಲು ಹೊರಟಿದ್ದೆವೋ ಅದನ್ನೇ ಲೆಕ್ಕಕ್ಕೆ ಹಿಡಿದದ್ದಾಯಿತು.

ಕಲ್ಯಾಣದುರ್ಗ ದಾಟಿ, ನಡುವೆ ಪಾವಗಡದಲ್ಲಿ ಸ್ವಲ್ಪ ಹೊತ್ತು ಕರ್ನಾಟಕವಾಗಿ, ಮತ್ತೆ ಆಂಧ್ರವಾಗಿ ಮಡಕಶಿರಾ ಸೇರಿದೆವು. ರಂಗಪ್ಪ ದಾರಿಯುದ್ದಕ್ಕೂ ಒಂದೇ ಸಮ ಮಾತಾಡಿದ. ಕಡಲೆಕಾಯಿ ಹೊಲ ಕಂಡರೆ ಇದು ಇಂಥವರದು, ಹಿಪ್ಪುನೇರಳೆ ತೋಟ ಕಂಡರೆ ಎಲೆ ಈ ಸಲ ದಪ್ಪ ಬಂದಿದೆ, ಎಂದು. ಅಗಳಿ ರಸ್ತೆಗೆ ತಿರುಗಿದ ಮೇಲೆ ಮಾತು ನಿಂತಿತು. ಅವನ ಕೈ ದೊರೆಯ ಕತ್ತಿನ ಮೇಲಿತ್ತು.

ಪದ್ಧತಿಯಂತೆ ನಾವು ಮನೆಗೆ ಹೋಗಲಿಲ್ಲ. ಊರ ಮುಂದಿನ ಹೋಟೆಲಿನ ಬಳಿ ಇಳಿದೆವು. ರಂಗಪ್ಪ ಮತ್ತು ದೊರೆ ಇಬ್ಬರೂ ಕಾರಿನಲ್ಲೇ ಕೂರಬೇಕೆಂದು ಅಪ್ಪಣೆಯಾಯಿತು. ಬೆಂಚಿನ ಮೇಲೆ ಐದಾರು ಜನ ಕೂತಿದ್ದರು. ಉಜ್ಜಿನಪ್ಪನವರ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಮಳೆ ಹೇಗಿದೆ ಎಂದರು. ರೇಷ್ಮೆ ಗೂಡಿನ ರೇಟು ಕೇಳಿದರು. ಪಕ್ಕದ ಹೇಮಾವತಿ ಎಂಬ ಊರಿನ ಸಿದ್ದೇಶ್ವರನಿಗೆ ಕೈ ಮುಗಿಯಲು ಹೊರಟವರಂತೆ ಗುಡಿಯ ದಾರಿ ಕೇಳಿದರು. ಆಮೇಲೆ, ಏನೋ ನೆನಪಾದವರಂತೆ, "ಇಲ್ಲಿ ದೊಡ್ಡರಂಗಪ್ಪ ಅಂತ ಒಬ್ಬ ಮನೆ ಅಳಿಯ ಇದ್ದನಂತಲ್ರಿ. ಮನುಷ್ಯ ಹೆಂಗ?" ಎಂದರು.

ಬೆಂಚು ಚುರುಕಾಯಿತು. ಪೆದ್ದಣ್ಣ ಎಂಬ ಹಿರಿಯರು ಬೀಡಿ ಆರಿಸಿ, "ಚಿನ್ನದಂಥೋನು," ಎಂದರು. ಹೆಂಡತಿಗೆ ಕಾಯಿಲೆ ಬಂದಾಗ ಹೆಂಗಸರ ಹಾಗೆ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದನಂತೆ. ಇನ್ನೊಬ್ಬರು, "ಕುಡಿಯಲ್ಲ, ಇಸ್ಪೀಟಿಲ್ಲ, ಕೋಪ ಅಂದ್ರೆ ಗೊತ್ತಿಲ್ಲ," ಎಂದರು. ಮೂರನೆಯವರು, "ವಯಸ್ಸೂ ಅಷ್ಟೇನಿಲ್ಲ. ಕೂದಲು ಬೆಳ್ಳಗಾಗಿರೋದು ಪಿತ್ತಕ್ಕೆ," ಎಂದು ಸೇರಿಸಿದರು. ನನಗೆ ಏನೋ ಎಡವಟ್ಟಾಗುತ್ತಿದೆ ಅನ್ನಿಸಿತು. ಉಜ್ಜಿನಪ್ಪನವರಿಗೆ ಅನ್ನಿಸಲಿಲ್ಲ, ಅವರು ಕ್ರಮ ತಪ್ಪಿಸುವವರಲ್ಲ. ಇಷ್ಟು ಹೊತ್ತಿಗೆ ಆ ಬೆಂಚಿನಲ್ಲಿ ರಂಗಪ್ಪನ ಎರಡನೇ ಮದುವೆ ಅರ್ಧ ಮುಗಿದಿತ್ತು. ಹೋಟೆಲಿನಾಕೆ ಒಬ್ಬಳು ಸೆರಗು ಕಟ್ಟಿಕೊಂಡು ಊರೊಳಗೆ ಓಡಿದ್ದನ್ನು ನಾನು ಕಂಡೆ.

"ಅವರ ಮನ್ಯಾಗ ಒಂದು ನಾಯಿ ಇತ್ತಂತಲ್ಲ?" ಎಂದರು ಉಜ್ಜಿನಪ್ಪನವರು ಕೊನೆಗೆ.

"ಮುಧೋಳದ್ದು," ಎಂದರು ಪೆದ್ದಣ್ಣ.

"ಮುಧೋಳದ್ದು," ಎಂದರು ಇನ್ನೊಬ್ಬರು.

"ಹಟ್ಟಿ ಕುರಿಯೋರು ಕೊಟ್ಟಿದ್ದು," ಎಂದು ಚಹಾ ಸೋಸುತ್ತಿದ್ದವನು ಒಳಗಿನಿಂದ ಕೂಗಿದ.

ನಾನು ಗೆದ್ದವನಂತೆ ಉಜ್ಜಿನಪ್ಪನವರ ಕಡೆ ನೋಡಿದೆ. ಅವರು ಲೋಟ ಕೆಳಗಿಟ್ಟು ಎದ್ದರು. ಕಾರಿನ ಕಡೆ ನಡೆಯುತ್ತಾ ಮೆಲ್ಲಗೆ, "ಮೇಷ್ಟ್ರೇ, ನಾಕು ಮಂದಿ ನಾಕು ರೀತಿ ಹೇಳಿದ್ರ ನಿಜ ಇರ್ತದ. ಎಲ್ಲಾರೂ ಒಂದ ಮಾತು ಹೇಳಿದ್ರ, ಅದನ್ನ ಯಾರೋ ಕಲಿಸಿರ್ತಾರ. ಮನಿಗೇ ಹೋಗಾನು," ಎಂದರು. ಅವರು ಪದ್ಧತಿ ಮುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ರಂಗಪ್ಪ ಸಂಸಾರ ಮಾಡಿದ್ದ ಮನೆ ಹೆಂಚಿನದು. ಪಕ್ಕದಲ್ಲಿ ಹುಳುವಿನ ಮನೆ, ಹುಳು ಗೂಡು ಕಟ್ಟಲೆಂದು ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳು. ಬಾಗಿಲಲ್ಲಿ ನಿಂತಿದ್ದವಳು ಕದಿರಮ್ಮನ ತಂಗಿ ಶಿವಲಕ್ಷ್ಮಿ. ರಂಗಪ್ಪ ಊರು ಬಿಟ್ಟ ಮೇಲೆ ಅವಳೂ ಗಂಡ ಗೋಪಿಯೂ ತಮ್ಮ ಮನೆಯಿಂದ ಇಲ್ಲಿಗೆ ಬಂದಿದ್ದರು; ಗೋಪಿ ಗೂಡು ಮಾರಲು ಹಿಂದೂಪುರಕ್ಕೆ ಹೋಗಿದ್ದನಂತೆ. ಅವಳು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಭಾವನ ಮುಂದೆ ಬಂದು ನಿಂತಳು. ಕಣ್ಣು ಆಗಲೇ ಕೆಂಪಾಗಿತ್ತು.

"ಹೆಣ್ಣು ಯಾವೂರು ಭಾವ?"

"ಯಾವ ಹೆಣ್ಣು?"

"ಮುಚ್ಚಾಕ್ಬ್ಯಾಡ. ಹೋಟ್ಲಾಗೆಲ್ಲ ಅದೇ ಮಾತಂತೆ. ಮಾಡ್ಕ. ನಾನೇನು ಬ್ಯಾಡ ಅಂತೀನಾ? ನಮ್ಮಕ್ಕ ಇದ್ದಿದ್ರೂ ಮಾಡ್ಕ ಅಂತಿದ್ಲು."

"ಅವ್ಳಿದ್ದಿದ್ರೆ ನಾನ್ಯಾಕೆ ಮಾಡ್ಕಬೇಕಿತ್ತು?" ಎಂದ ರಂಗಪ್ಪ, ಗಾಬರಿಯಲ್ಲಿ. "ಲೇ ಶಿವಿ, ಇವ್ರು ವಿಚಾರ್ಸಾಕೆ ಬಂದಿರೋದು ನನ್ನ ಅಲ್ಲ ಕಣೆ. ದೊರೇನ."

ಶಿವಲಕ್ಷ್ಮಿ ಒಮ್ಮೆ ಅವನನ್ನು, ಒಮ್ಮೆ ನಮ್ಮ ಉಜ್ಜಿನಪ್ಪನವರ ವಿಭೂತಿಯನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ನಿಲ್ಲದೆ ಕಂಬ ಹಿಡಿದು ಕೂತಳು. ಹೋಟೆಲಿನ ಬೆಂಚು ಏನೇನು ಕಟ್ಟಿಕೊಂಡಿತ್ತೆಂದು ಆಗ ತಿಳಿದು ಉಜ್ಜಿನಪ್ಪನವರ ಕಿವಿ ಕೆಂಪಾಯಿತು. ಇಷ್ಟು ವರ್ಷದ ವೃತ್ತಿಯಲ್ಲಿ ಅವರಿಗೆ ಇಂಥದ್ದು ಆಗಿರಲಿಲ್ಲ.

ಆದರೂ ಅವರು ಬಂದ ಕೆಲಸ ಬಿಡಲಿಲ್ಲ. "ತಂಗಿ, ನಗೋದು ಆಮ್ಯಾಗ ನಗು. ನಾಯಿ ಮುಧೋಳದ್ದು ಹೌದೋ ಅಲ್ಲೋ, ನೀ ಖರೇ ಹೇಳು. ಅಲ್ಲಾಂದ್ರ ಅದನ್ನ ಇಲ್ಲೇ ಬಿಟ್ಟು ಹೋಗಬೇಕು. ಊರಾಗ ಎಲ್ಲಾರೂ ಒಂದ ಮಾತು ಹೇಳ್ತಾರ. ಯಾರು ಕಲಿಸ್ಯಾರ?"

ಶಿವಲಕ್ಷ್ಮಿಯ ನಗು ಇಳಿಯಿತು. ಅವಳು ರಂಗಪ್ಪನನ್ನು ನೋಡಲಿಲ್ಲ, ನೆಲ ನೋಡಿದಳು.

"ನಮ್ಮಕ್ಕ," ಎಂದಳು.

"ಏನು ನಿಮ್ಮಕ್ಕ?" ಎಂದ ರಂಗಪ್ಪ.

"ಬೇಜಾರು ಮಾಡ್ಕಬ್ಯಾಡ ಭಾವ. ಅಗಳಿ ಬಸ್‌ಸ್ಟ್ಯಾಂಡ್ನಾಗೆ ಸಿಕ್ಕಿದ್ದು ಅದು. ರಾಗಿ ಬೀಸಾಕೆ ಹೋಗಿದ್ಲಲ್ಲ, ವಾಪಸ್ ಬರ್ವಾಗ ಹಿಟ್ಟಿನ ಪುಟ್ಟಿ ಮೇಲೆ ಕೂರಿಸ್ಕೊಂಡು ಬಂದ್ಲು. ಮೈಯೆಲ್ಲ ಹಿಟ್ಟಾಗಿ ಬೆಳ್ಳಗಿತ್ತು. ಮನೆಗೆ ತಂದ್ರೆ ನೀನು ಬಯ್ತೀಯ ಅಂತ ನಮ್ಮ ದನದ ಕೊಟ್ಟಿಗ್ಯಾಗೆ ಒಂದು ದಿನ ಬಚ್ಚಿಟ್ಲು."

"ನಾನ್ಯಾಕೆ ಬಯ್ಯಾನ?"

"ಹುಳು ಸಾಕೋ ಮನೆಗೆ ಬೀದಿನಾಯಿ ತರ್ಬ್ಯಾಡ, ಸಾಕಂಗಿದ್ರೆ ಜಾತಿ ನಾಯಿ ಸಾಕು ಅಂತ ಅಂದಿದ್ದು ಯಾರು? ನೀನೇ ಅಲ್ವ?"

ನಾನು ಉಜ್ಜಿನಪ್ಪನವರ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ಅದುಕ್ಕೆ ಕುರಿಯೋರ ಕತೆ ಕಟ್ಟಿದ್ಲು. ಮುಧೋಳದ್ದು ಅಂತ ಅವ್ಳಿಗೆ ಹೇಳಿಕೊಟ್ಟಿದ್ದೇ ಆ ಹೋಟ್ಲು ಬೆಂಚಿನ ಪೆದ್ದಣ್ಣ. ಊರೆಲ್ಲ ಸುತ್ತಿ, ಯಾರೂ ಬಾಯ್ಬಿಡ್ಬ್ಯಾಡಿ ಅಂತ ಆಣೆ ಹಾಕಿಸ್ಕೊಂಡು ಬಂದ್ಲು. ನಿಂಗೊಬ್ಬಂಗೆ ಗೊತ್ತಿರ್ಲಿಲ್ಲ, ಅಷ್ಟೇ."

ಹೇಳಿಕೊಟ್ಟವಳು ಹೋದ ಮೇಲೂ ಆ ಊರು ಮಾತು ಬಿಟ್ಟಿರಲಿಲ್ಲ. ರಂಗಪ್ಪನಿಗೆ ಸಿಟ್ಟು ಬರುತ್ತದೇನೋ, ಅಳುತ್ತಾನೇನೋ ಎಂದು ಕಾದೆ. ಅವನು, "ನಂಗೆ ಸುಳ್ಳು ಹೇಳಿದ್ಲಾ?" ಎಂದ. ಇನ್ನೊಮ್ಮೆ, ಬೇರೆ ದನಿಯಲ್ಲಿ, "ಕದಿರಿ? ನಂಗೆ?" ಎಂದ. ಮುಖದಲ್ಲಿ ಇದ್ದದ್ದು ಸಿಟ್ಟಲ್ಲ. ಮುಗಿದುಹೋಯಿತು ಎಂದುಕೊಂಡಿದ್ದ ಹೆಂಡತಿಯಿಂದ ಇದ್ದಕ್ಕಿದ್ದಂತೆ ಹೊಸ ಸುದ್ದಿಯೊಂದು ಬಂದಿತ್ತು.

ಈ ಗಲಾಟೆಯಲ್ಲಿ ದೊರೆಯನ್ನು ಯಾರೂ ಗಮನಿಸಿರಲಿಲ್ಲ. ಶಿವಲಕ್ಷ್ಮಿಯೇ ಮೊದಲು ನೋಡಿ, "ಅಯ್ಯೋ, ಒಳೀಕೆ ಹೋಗೈತೆ!" ಎಂದು ಎದ್ದಳು. ಹುಳುವಿನ ಮನೆಯ ಬಾಗಿಲು ಸ್ವಲ್ಪ ತೆರೆದಿತ್ತು. ಹುಳುಗಳು ನಾಲ್ಕನೇ ಜ್ವರದಲ್ಲಿದ್ದವು. ಪೊರೆ ಬಿಡುವ ಕಾಲಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ಆಗ ಹುಳು ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ, ಎಲೆ ಮುಟ್ಟುವುದಿಲ್ಲ, ಹೊರಗಿನವರು ಕಾಲಿಡಬಾರದು, ತಟ್ಟೆ ಅಲುಗಿಸಬಾರದು. ನಾವು ಬಾಗಿಲಲ್ಲಿ ನಿಂತು ಇಣುಕಿದೆವು. ಸ್ಟ್ಯಾಂಡುಗಳ ಕೆಳಗೆ, ಒಳಗಿನ ಮೂಲೆಯಲ್ಲಿ ಒಂದು ಹಳೇ ಗೋಣಿ ಚೀಲವಿತ್ತು. ಕದಿರಮ್ಮ ಎಲೆ ಹಾಕಿ ಬಂದು ಕಾಲು ಚಾಚುತ್ತಿದ್ದ ಜಾಗವಂತೆ. ದೊರೆ ಅದರ ಮೇಲೆ ಮೂತಿ ಊರಿ ಮಲಗಿತ್ತು. ಶಿವಲಕ್ಷ್ಮಿ ಕರೆದಳು. ಅಲುಗಲಿಲ್ಲ. ನಾನು ಚ್ಚ್ ಚ್ಚ್ ಎಂದೆ. ನನ್ನ ಕರೆಗೆ ಮನೆಯಲ್ಲೇ ಯಾರೂ ಬರುವುದಿಲ್ಲ.

"ಒಳೀಕೆ ಹೋಗಿ ಎಳೆಯಾಂಗೂ ಇಲ್ಲ. ಒಂದು ತಟ್ಟೆ ಬಿದ್ರೆ ನಾವು ಕೆಟ್ವಿ," ಎಂದಳು ಶಿವಲಕ್ಷ್ಮಿ. "ಭಾವ, ನೀನು ಕರಿ. ನಿನ್ನ ಮಾತು ಕೇಳಲ್ವಾ?"

ರಂಗಪ್ಪ ಅಲ್ಲಿ ಇಲ್ಲಿ ನೋಡಿದ. ಉಜ್ಜಿನಪ್ಪನವರನ್ನು ನೋಡಿದ, ನನ್ನನ್ನು ನೋಡಿದ. "ಮೇಷ್ಟ್ರೇ, ನೀವು ಅತ್ಲಾಗೆ ಹೋಗ್ತೀರಾ?" ಎಂದ. ನಾವು ಒಂದೆರಡು ಹೆಜ್ಜೆ ಸರಿದು ಅಂಗಳದ ಕಡೆ ಮುಖ ಮಾಡಿದೆವು.

ಆಮೇಲೆ ಒಬ್ಬ ಹೆಂಗಸಿನ ದನಿ ಕೇಳಿತು.

"ದೊರೇ... ಏ ದೊರೆ... ಬಾರಪ್ಪ ನನ್ನಪ್ಪ, ತಣ್ಣಗಾಗ್ತೈತೆ ಬಾ... ಯಾರ ಮೇಲೆ ಮುನಿಸು, ಬಾ..."

ಸಣ್ಣ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೇರಿ ತಡೆಯುವ ದನಿ. ನಾನು ತಿರುಗಿ ನೋಡಿದೆ. ನಮಗೆ ಬೆನ್ನು ಹಾಕಿ, ಬಾಗಿಲ ಚೌಕಟ್ಟಿಗೆ ಹಣೆ ಆನಿಸಿ ನಿಂತಿದ್ದವನು ರಂಗಪ್ಪನೇ. ಮೀಸೆ ಹೊತ್ತ ಗಂಡಸಿನ ಗಂಟಲಿನಿಂದ ಅಂಥ ದನಿ ಬಂದರೆ ನನಗೆ ನಗು ಬರಬೇಕು. ನನ್ನ ಕಸುಬೇ ಅದು. ಬರಲಿಲ್ಲ.

ಶಿವಲಕ್ಷ್ಮಿ ತಿರುಗಿ ನೋಡಿದ್ದು ರಂಗಪ್ಪನ ಕಡೆಗಲ್ಲ, ಅಡುಗೆಮನೆಯ ಕಡೆಗೆ.

ದೊರೆ ಹೊರಗೆ ಬಂತು. ಒಂದು ತಟ್ಟೆಯನ್ನೂ ತಾಗಿಸದೆ, ಬಗ್ಗಿ ಬಂತು. ರಂಗಪ್ಪನ ಕಾಲ ಬಳಿ ನಿಂತು ಅವನ ಮುಖ ನೋಡಿತು, ಆಮೇಲೆ ಅವನನ್ನು ಬಳಸಿ ಹೋಗಿ ಅವನ ಬೆನ್ನ ಹಿಂದೆ ನೋಡಿತು.

"ಯಾವಾಗ್ಲೂ ಹಿಂಗೇ ಮಾಡ್ತಾನೆ," ಎಂದ ರಂಗಪ್ಪ, ತನ್ನ ದನಿಗೆ ವಾಪಸ್ ಬಂದು, ನಾಚಿಕೊಂಡು. "ಅವ್ಳು ಹೋದ್ಮೇಲೆ ಊಟ ಬಿಟ್ಟಿದ್ದ. ಹಿಂಗೆ ಕರೆದ್ರೆ ಬತ್ತಾನೆ. ಬಂದು, ಕರೆದೋಳು ಎಲ್ಲಿ ಅಂತ ಹುಡುಕ್ತಾನೆ. ಆಮೇಲೆ ಉಣ್ತಾನೆ."

ಉಜ್ಜಿನಪ್ಪನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ, "ಹೊತ್ತಾತು ರಂಗಪ್ಪ, ಹೋಗಾನು ಬರ್ರಿ," ಎಂದರು. ಅಷ್ಟು ದಿನ 'ಬಾರಪ' ಎನ್ನುತ್ತಿದ್ದವರು. ನಾಯಿಯನ್ನು ಬಿಟ್ಟು ಹೋಗಬೇಕೋ ಕರೆದುಕೊಂಡು ಹೋಗಬೇಕೋ ಎಂದು ರಂಗಪ್ಪ ಅಲ್ಲೇ ನಿಂತಿದ್ದ. ಉಜ್ಜಿನಪ್ಪನವರು ಕಾರಿನ ಹಿಂಬಾಗಿಲು ತೆಗೆದು ಹಿಡಿದು, "ಮೂರು ಮಂದಿ ಹೋಗಬಾರದು ಅಂತ ಹೇಳಿಲ್ಲೇನು ನಾನು?" ಎಂದು ಗದರಿದರು.

ವಾಪಸ್ ಬರುವಾಗ ಅವರು ಕಿಟಕಿಯಾಚೆಯ ಹೊಲ ನೋಡುತ್ತಾ ಕೂತರು. ಮನೆಯಲ್ಲಿ ಏನು ಹೇಳುತ್ತಾರೋ ಎಂಬ ಕುತೂಹಲ ನನಗೆ ತಡೆಯಲಾಗಲಿಲ್ಲ. ಮಗ್ಗುಲಿನ ಊರುಗಳಲ್ಲೆಲ್ಲ ಅವರ 'ಮಾಡ್ರಿ', 'ಬ್ಯಾಡ್ರಿ'ಗಳ ಮೇಲೆ ಸಂಸಾರಗಳು ನಿಂತಿವೆ. ವಿಚಾರಿಸಿ ಬಂದ ಮೇಲೆ ಅವರು ಇಲ್ಲದ್ದನ್ನು ಹೇಳಿದ್ದು ಯಾರೂ ಕೇಳಿಲ್ಲ.

ಗೇಟಿನಲ್ಲೇ ಮೈಲಾರಮ್ಮನವರು ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು. "ಏನಾತ್ರಿ? ಯಾವ ಜಾತಿ?"

"ಮುಧೋಳ," ಎಂದರು ಉಜ್ಜಿನಪ್ಪನವರು, ಚಪ್ಪಲಿ ಬಿಡುತ್ತಾ.

"ಬಾಲ ಹಂಗ್ಯಾಕ ಐತಿ ಮತ್ತ?"

"ಮುಧೋಳದಾಗ ಒಂದೊಂದು ಹಂಗೂ ಇರ್ತಾವು. ಹುಟ್ಟಿದ ಊರಿಗೇ ಹೋಗಿ ಕೇಳೀನಿ. ಊರಿಗೂರೇ ಹೇಳ್ತದ. ಬೇಕಾದ್ರ ಮೇಷ್ಟ್ರನ್ನ ಕೇಳು."

ಮೈಲಾರಮ್ಮನವರು ನನ್ನನ್ನು ನ್ಯಾಯಾಧೀಶರ ಹಾಗೆ ನೋಡಿದರು. ನಾನು ತಲೆಯಾಡಿಸಿದೆ. ಆ ಹಳ್ಳಿಯವರ ಆಣೆಗೆ ನಾವೂ ಇಬ್ಬರು ಸೇರಿಕೊಂಡಂತಾಯಿತು.

"ನನಗೇನು ಕಣ್ಣಿಲ್ಲೇನು," ಎಂದರು ಆಕೆ. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಮೊಸರನ್ನ ತಂದು ಹಿತ್ತಲ ಮೆಟ್ಟಿಲಿನ ಮೇಲೆ ಕುಕ್ಕಿ, "ಮುಧೋಳದ ಮಹಾರಾಜಗ ಉಪ್ಪು ಕಡಿಮಿ ಹಾಕೀನಿ," ಎಂದು ಹೋದರು.

ಇದೆಲ್ಲ ಆಗಿ ಬಹಳ ದಿನವಾಯಿತು. ದೊರೆ ಈಗ ಕಂಪೌಂಡಿನ ಸದಸ್ಯ. ರಂಗಪ್ಪ ರಜೆ ಸಿಕ್ಕಾಗಲೆಲ್ಲ ಅದನ್ನು ಕರೆದುಕೊಂಡು ಆ ಊರಿಗೆ ಹೋಗುತ್ತಾನೆ. ಮೊದಲು ಆ ಹೆಸರೆತ್ತಿದರೆ ಬಾಡುತ್ತಿದ್ದವನು ಈಗ ಅಲ್ಲಿಂದ ಬಂದ ದಿನ ನನ್ನ ಮನೆಯ ಕಟ್ಟೆಗೆ ಬಂದು ಕೂರುತ್ತಾನೆ. ಏನು ವಿಶೇಷ ಎಂದರೆ, ಶಿವಲಕ್ಷ್ಮಿ ಹೇಳಿದ್ದನ್ನು ಹೇಳುತ್ತಾನೆ. ಅವನು ಹೊಗಳಿ ಹೊಗಳಿ ಉಣ್ಣುತ್ತಿದ್ದ ಹುರುಳಿ ಸಾರು ಕದಿರಮ್ಮ ಮಾಡುತ್ತಿದ್ದದ್ದಲ್ಲವಂತೆ, ತಂಗಿಯ ಮನೆಯದಂತೆ. ಅವನ ಕಿತ್ತುಹೋದ ಹಸಿರು ಶರಟನ್ನು ಇಲಿ ಕಡಿಯಲಿಲ್ಲವಂತೆ, ಅವಳೇ ಹರಿದು ಹುಳುವಿನ ತಟ್ಟೆ ಒರೆಸಲು ಇಟ್ಟುಕೊಂಡಳಂತೆ. ಆಸ್ಪತ್ರೆಯಲ್ಲಿ ನೋವಿಲ್ಲ, ನೋವಿಲ್ಲ ಎಂದಿದ್ದೂ ಸುಳ್ಳಂತೆ. ಇದನ್ನು ಹೇಳಿದ ದಿನ ಅವನು ಬೇಗ ಎದ್ದು ಹೋದ.

ಹೋದ ಸಲ ಬಂದಾಗ ನಾನು ಕೇಳಿಯೇಬಿಟ್ಟೆ. "ರಂಗಪ್ಪ, ಇಂಥ ಸುಳ್ಳು ಎಷ್ಟೂಂತ ಇರ್ತಾವೆ? ಒಂದಿನ ಮುಗಿದೋಗಲ್ವಾ?"

"ಮುಗಿದೋಗವೆ ಮೇಷ್ಟ್ರೇ," ಎಂದ. "ಎರಡು ಮೂರು ಸಲದಿಂದ ಶಿವೀನೇ ಕಟ್ಟಿ ಹೇಳ್ತಾಳೆ. ನಂಗೆ ಗೊತ್ತಾಗ್ತೈತೆ. ಕದಿರಿ ಹಂಗೆ ಮಾಡೋಳಲ್ಲ."

"ಮತ್ತೆ?"

"ಕೇಳ್ಕಂಡು ಕೂತಿರ್ತೀನಿ," ಎಂದ. "ಮುಂದಿನ ಐತವಾರ ಮತ್ತೆ ಹೋಗ್ಬೇಕು."